ಹಳೆಯ ಬಿಡಿಭಾಗ, ಹೊಸ ರಾಕೆಟ್
ನಟ್ಟು-ಬೋಲ್ಟುಗಳಂತೆ ತಂತ್ರಾಂಶದ ಬಿಡಿಭಾಗಗಳೂ ಸಿದ್ಧವಾಗಿ ಸಿಗಬೇಕೆಂಬ ಆಸೆಯನ್ನು 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ಸೇರಿದ್ದ ಗಣಕ ತಜ್ಞರ ಮುಂದಿಟ್ಟವರು ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್‌ರಾಯ್. ಆಸೆಯೇನೋ ನ್ಯಾಯವಾದದ್ದೇ. ಆದರೆ ನಟ್ಟು ಹೊಂದದಿದ್ದರೆ ಕೈಗೇ ತಿಳಿಯುತ್ತದೆ. ತಂತ್ರಾಂಶದ ಅಳತೆ ಕಣ್ಣಿಗೆ ಬೀಳದು.

1996ರ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಮೊದಲ ಬಾರಿ ಮೇಲೇರಿದ ಯುರೋಪಿನ ಏರಿಯಾನ್-5 ರಾಕೆಟ್ ಸುಮಾರು 40 ಸೆಕೆಂಡುಗಳಲ್ಲಿ ಛಿದ್ರವಾಯಿತು. ಅದರ ಚಲನೆಯನ್ನು ಅಳೆಯುತ್ತಿದ್ದ ತಂತ್ರಾಂಶ ಏರಿಯಾನ್-4ರದ್ದು. ಅಲ್ಲಿ ಅದು ಚೆನ್ನಾಗಿಯೇ ದುಡಿದಿತ್ತು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು. ಆ ವೇಗಕ್ಕೆ ಸಂಬಂಧಿಸಿದ ಅಂಕಿಗೆ ಮೀಸಲಿಟ್ಟಿದ್ದ ಜಾಗದಲ್ಲಿ 32,767ಕ್ಕಿಂತ ದೊಡ್ಡದು ಹಿಡಿಸುವಂತಿರಲಿಲ್ಲ. ಆಪತ್ತಿಗೆಂದು ಇನ್ನೊಂದು ಗಣಕವಿತ್ತು ನಿಜ, ಅದರಲ್ಲಿಯೂ ಅದೇ ತಂತ್ರಾಂಶ! ವಿಚಿತ್ರವೆಂದರೆ, ಎಡವಿದ ಆ ಲೆಕ್ಕ ನೆಲ ಬಿಟ್ಟ ಮೇಲೆ ಏರಿಯಾನ್-5ಕ್ಕೆ ಬೇಕಾಗಿಯೇ ಇರಲಿಲ್ಲ.