ಪ್ರತಿದ್ರವ್ಯ: ತೆರೆಯ ಮೇಲೆ ಮತ್ತು ವಿಶ್ವದಲ್ಲಿ

ವಿಜ್ಞಾನ ಕಥೆಯಲ್ಲಿ ಕಲ್ಪನೆಗೆ ಎಷ್ಟು ಸ್ವಾತಂತ್ರ್ಯವಿರಬೇಕು? ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ನಿಮಗೂ ಕೇಳಿರಬಹುದು. ಉತ್ತರವಾಗಿ ಒಂದು ಹಳೆಯ ಉದಾಹರಣೆಯನ್ನು ನಿಮ್ಮ ಮುಂದಿಡುತ್ತೇನೆ.

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1966ರ ಸೆಪ್ಟೆಂಬರ್ 8ರಂದು ಆರಂಭವಾದ 'ಸ್ಟಾರ್ ಟ್ರೆಕ್' ಸರಣಿ 1969ರವರೆಗೆ 79 ಕಂತುಗಳಲ್ಲಿ ಪ್ರಸಾರವಾಯಿತು. ಅದರ 'ಎಂಟರ್‌ಪ್ರೈಸ್' ನೌಕೆಗೆ ಶಕ್ತಿ ಒದಗುವುದು ದ್ರವ್ಯ ಮತ್ತು ಪ್ರತಿದ್ರವ್ಯಗಳ ಸಂಯೋಗದಿಂದ. ಭೌತವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಈ ಕಲ್ಪನೆ ಬಹಳ ಹಿಡಿಸಿತ್ತು. ಆದ್ದರಿಂದ ಪ್ರತಿದ್ರವ್ಯವೇ ಕಥಾವಸ್ತುವಾದ ಕಂತೊಂದಿದೆ ಎಂದು ತಿಳಿದಾಗ ಆಸೆಯಿಂದ ನೋಡಿದೆ. ಅದು 1967ರ ಮಾರ್ಚ್ 30ರಂದು ಮೊದಲು ಪ್ರಸಾರವಾದ 'ದಿ ಆಲ್ಟರ್ನೇಟಿವ್ ಫ್ಯಾಕ್ಟರ್'. ನೋಡಿ ಮುಗಿಸಿದಾಗ ಉಳಿದದ್ದು ನಿರಾಸೆ.

ಕಥೆ ಇಷ್ಟು. ಲಾಜರಸ್ ಎಂಬಾತನಿಗೆ ಪ್ರತಿದ್ರವ್ಯದ ಇನ್ನೊಂದು ವಿಶ್ವದಲ್ಲಿ ತದ್ರೂಪಿ ಇದ್ದಾನೆ. ಇಬ್ಬರೂ ಎದುರಾದರೆ ಎರಡೂ ವಿಶ್ವಗಳು ಪೂರ್ತಿ ನಾಶವಾಗುತ್ತವೆ. ಕೊನೆಗೆ ಅವರಿಬ್ಬರನ್ನೂ ಎರಡು ವಿಶ್ವಗಳ ನಡುವಿನ ಹಾದಿಯಲ್ಲಿ ಶಾಶ್ವತವಾಗಿ ಬಂಧಿಸಲಾಗುತ್ತದೆ.

ಇದರಲ್ಲಿ ತಪ್ಪೇನು? ಲೆಕ್ಕ ಹಾಕೋಣ. ತಲಾ 80 ಕಿಲೋಗ್ರಾಂ ತೂಗುವ ಇಬ್ಬರು ಸೇರಿ ಪೂರ್ಣವಾಗಿ ಶಕ್ತಿಯಾದರು ಎನ್ನಿ. 160 ಕಿಲೋಗ್ರಾಂ ರಾಶಿಯನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದರೆ ಸುಮಾರು 1.4 × 10¹⁹ ಜೂಲ್ ಬರುತ್ತದೆ. ಇದು ಹಿರೋಶಿಮಾದಂಥ ಎರಡು ಲಕ್ಷಕ್ಕೂ ಹೆಚ್ಚು ಬಾಂಬುಗಳ ಶಕ್ತಿ. ಭಯಂಕರವೇ ಸರಿ. ಆದರೆ ಸೂರ್ಯ ಪ್ರತಿ ಸೆಕೆಂಡಿಗೆ ಸುಮಾರು 3.8 × 10²⁶ ಜೂಲ್ ಸೂಸುತ್ತಾನೆ. ಒಂದು ಸೆಕೆಂಡನ್ನು ಎರಡೂವರೆ ಕೋಟಿ ಭಾಗ ಮಾಡಿ; ಅಂಥ ಒಂದು ಭಾಗದಲ್ಲಿ ಸೂರ್ಯ ಹೊರಸೂಸುವುದೂ ಹೆಚ್ಚುಕಡಿಮೆ ಇಷ್ಟೇ. ವಿಶ್ವದ ಮಾತಿರಲಿ, ಸೌರವ್ಯೂಹಕ್ಕೂ ಇದು ಲೆಕ್ಕಕ್ಕಿಲ್ಲ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಇಲೆಕ್ಟ್ರಾನುಗಳೆಲ್ಲ ಒಂದೇ ಬಗೆಯವು. ಯಾವ ಇಲೆಕ್ಟ್ರಾನಾದರೂ ಯಾವ ಪಾಸಿಟ್ರಾನಿನೊಡನೆ ಬೇಕಾದರೂ ನಾಶ ಹೊಂದಬಹುದು. 'ತನ್ನದೇ ತದ್ರೂಪಿ' ಬೇಕೆಂದಿಲ್ಲ. ಹಾಗಿದ್ದರೂ ನೌಕೆಯ ನಾಯಕ ಕರ್ಕ್ ಪ್ರತಿದ್ರವ್ಯದ ವಿಶ್ವಕ್ಕೆ ಹೋಗಿ, ಅಲ್ಲಿಯ ನೆಲದ ಮೇಲೆ ನಿಂತು, ಅಲ್ಲಿಯ ಗಾಳಿಯನ್ನು ಉಸಿರಾಡಿ, ಮಾತನಾಡಿ ಕ್ಷೇಮವಾಗಿ ಮರಳುತ್ತಾನೆ!

ತಿಳಿಯದ ಕಾಲದ ತಪ್ಪು ಇದು ಎನ್ನೋಣವೆಂದರೆ ಅದೂ ಆಗದು. ಡಿರಾಕ್ 1928ರಲ್ಲಿ ತಮ್ಮ ಸಮೀಕರಣವನ್ನು ನೀಡಿದರು; 1931ರಲ್ಲಿ ಪ್ರತಿ-ಇಲೆಕ್ಟ್ರಾನ್ ಇರಬೇಕೆಂದರು. ಮರುವರ್ಷವೇ ಕಾರ್ಲ್ ಆಂಡರ್ಸನ್ ವಿಶ್ವಕಿರಣಗಳಲ್ಲಿ ಅದನ್ನು ಕಂಡರು. 1955ರಲ್ಲಿ ಬರ್ಕ್ಲಿಯಲ್ಲಿ ಸೆಗ್ರೆ, ಚೇಂಬರ್ಲಿನ್ ಮತ್ತು ಸಂಗಡಿಗರು ಪ್ರತಿಪ್ರೋಟಾನನ್ನು ಪತ್ತೆ ಮಾಡಿದರು. ಕಂತು ತಯಾರಾಗುವ ವೇಳೆಗೆ ಪ್ರಯೋಗಾಲಯಗಳಲ್ಲಿ ಪ್ರತಿಕಣಗಳು ಎಷ್ಟೋ ಸಲ ನಾಶವಾಗಿದ್ದವು. ವಿಶ್ವ ಮಾತ್ರ ಹಾಗೆಯೇ ಇತ್ತು.

ನನ್ನ ನಿಜವಾದ ನಿರಾಸೆ ಬೇರೆಯದು. ಅದೇ 1967ರಲ್ಲಿ ಸೋವಿಯತ್ ಒಕ್ಕೂಟದ ಆಂಡ್ರೇ ಸಖರೋವ್ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ದ್ರವ್ಯ ಮತ್ತು ಪ್ರತಿದ್ರವ್ಯ ಪೂರ್ಣ ಸಮವೆಂದಾದರೆ ಆದಿಯಲ್ಲಿ ಎರಡೂ ಪರಸ್ಪರ ಅಳಿಸಿ ಬರಿಯ ವಿಕಿರಣ ಉಳಿಯಬೇಕಿತ್ತು. ಹಾಗಾದರೆ ನಾವು ಹೇಗೆ ಉಳಿದೆವು? ಕ್ರೋನಿನ್ ಮತ್ತು ಫಿಚ್ 1964ರಲ್ಲಿ ಕೆ-ಮೆಸಾನುಗಳ ಕ್ಷಯದಲ್ಲಿ ಒಂದು ಸಣ್ಣ ಅಸಮತೆಯನ್ನು ಕಂಡಿದ್ದರು. ಇಂಥ ಅಸಮತೆಯೂ ಸೇರಿದಂತೆ ಮೂರು ಷರತ್ತುಗಳು ಕೂಡಿದರೆ ದ್ರವ್ಯ ತುಸು ಮಿಗಬಲ್ಲದು ಎಂದು ಸಖರೋವ್ ತೋರಿಸಿದರು. ಸುಮಾರು ನೂರು ಕೋಟಿ ಪ್ರತಿಕಣಗಳಿಗೆ ನೂರು ಕೋಟಿ ಒಂದು ಕಣ ಇದ್ದಿದ್ದರೆ ಸಾಕು. ಮಿಕ್ಕ ಆ ಒಂದೊಂದೇ ಸೇರಿ ಗೆಲಾಕ್ಸಿಗಳಾದವು, ನೀವೂ ನಾನೂ ಆದೆವು.

ಕಥೆಗಾರರು ಭಯಪಟ್ಟ ಮಹಾನಾಶ ಆಗಲೇ ನಡೆದುಹೋಗಿದೆ. ಅದರಿಂದ ಉಳಿದದ್ದೇ ನಮ್ಮ ವಿಶ್ವ! ಇದಕ್ಕಿಂತ ಒಳ್ಳೆಯ ಕಥಾವಸ್ತು ಬೇಕೆ? ಆ ಅಸಮತೆ ಸಾಕಷ್ಟು ದೊಡ್ಡದಾದುದು ಹೇಗೆ ಎಂಬುದಕ್ಕೆ ಪೂರ್ಣ ಉತ್ತರ ಇನ್ನೂ ದೊರೆತಿಲ್ಲ. ಪ್ರತಿಹೈಡ್ರೊಜನ್ ಕೂಡ ಗುರುತ್ವಕ್ಕೆ ಒಳಪಟ್ಟು ಕೆಳಕ್ಕೇ ಬೀಳುತ್ತದೆಂದು ಸರ್ನ್‌ನ ವಿಜ್ಞಾನಿಗಳು ವರದಿ ಮಾಡಿದ್ದು 2023ರಲ್ಲಿ.

'ಚಿಟಿಕೆ ಪ್ರತಿದ್ರವ್ಯ ವಿಶ್ವವನ್ನೇ ಸುಡುತ್ತದಂತೆ, ನಿಜವೇ ಸಾರ್?' ಎಂದು ಕೇಳುವವರು ನನ್ನ ತರಗತಿಯಲ್ಲಿ ಈಗಲೂ ಇದ್ದಾರೆ. ಅವರನ್ನು ಗದರಿಸುವುದಿಲ್ಲ. ನಮ್ಮ ದೇಹದಲ್ಲಿರುವ ಪೊಟ್ಯಾಸಿಯಂ-40 ದಿನಕ್ಕೆ ಕೆಲವು ಸಾವಿರ ಪಾಸಿಟ್ರಾನುಗಳನ್ನು ಹೊರಹಾಕುತ್ತದೆ, ಆಸ್ಪತ್ರೆಯ ಪೆಟ್ ಸ್ಕ್ಯಾನ್ ನಡೆಯುವುದೇ ಪಾಸಿಟ್ರಾನುಗಳ ನಾಶದಿಂದ ಎಂದು ತಿಳಿಸಿ, ಮೇಲಿನ ಲೆಕ್ಕವನ್ನು ಅವರಿಂದಲೇ ಮಾಡಿಸುತ್ತೇನೆ. ನೀವೂ ಮಾಡಿಸಿ ನೋಡಿ. ಕಥೆಯ ತಪ್ಪನ್ನು ತಾನೇ ಹಿಡಿದ ವಿದ್ಯಾರ್ಥಿ ಆ ಪಾಠವನ್ನು ಮರೆಯಲಾರ.