ಕೊನೆಯ ವರ್ಷದ ಕಾರುಗಳೇ ಏಕೆ ಹೆಚ್ಚು ಉಳಿಯುತ್ತವೆ?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ರಸ್ತೆಗಳಲ್ಲಿ ಮಾರುತಿ 800 ಇನ್ನೂ ಓಡುತ್ತಿದೆ. ಆದರೆ ಕಣ್ಣಿಗೆ ಬೀಳುವವುಗಳಲ್ಲಿ ಹೆಚ್ಚಿನವು ಕೊನೆಗಾಲದ ಗಾಡಿಗಳು. ನಮ್ಮ ಹಳ್ಳಿಗಳಿಗೆ ಮೊದಲು ಬಂದ 800 ಎಲ್ಲಿ ಹೋದವು?

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಯನ್ನು ಪ್ರಧಾನಿ ಇಂದಿರಾ ಗಾಂಧಿ ದೆಹಲಿಯ ಹರ್‌ಪಾಲ್ ಸಿಂಗ್ ಅವರಿಗೆ ಕೊಟ್ಟರು. 1986ರಲ್ಲಿ ಕಾರಿನ ಆಕಾರ ಬದಲಾಯಿತು. ಆಮೇಲೆ 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವವರೆಗೂ ಮೂಲ ವಿನ್ಯಾಸ ಹೆಚ್ಚು ಬದಲಾಗಲಿಲ್ಲ. ಕೊನೆಯ ಕಾರುಗಳು ಉಳಿದ ಗುಟ್ಟು ಇಲ್ಲೇ ಇದೆ. ಹಳೆಯ ಗಾಡಿ ಗುಜರಿಗೆ ಹೋದಾಗ ಅದರ ಬಾಗಿಲು, ಗಾಜು, ಗೇರ್‌ಬಾಕ್ಸ್ ಹೊಸ ಗಾಡಿಗೆ ಆಗಿಬರುತ್ತವೆ. ಮೊದಲಿನವು ಸತ್ತು ಕೊನೆಯವನ್ನು ಸಾಕುತ್ತವೆ. 1986ಕ್ಕಿಂತ ಮುಂಚಿನ ಆಕಾರಕ್ಕೆ ಈ ಭಾಗ್ಯ ಇಲ್ಲ. ಅದಕ್ಕೆ ಹೊಂದುವ ಬಾನೆಟ್ಟು, ದೀಪ ಸಿಗುವುದೇ ಕಷ್ಟ. 796 ಸಿಸಿ ಎಂಜಿನ್ನಿನ ವಂಶವಂತೂ ಓಮ್ನಿಯಲ್ಲಿ 2019ರವರೆಗೆ, ಆಲ್ಟೊ 800ರಲ್ಲಿ 2023ರವರೆಗೆ ಮುಂದುವರಿಯಿತು. ಹೀಗಾಗಿ ಸಣ್ಣ ಊರಿನ ಮೆಕ್ಯಾನಿಕ್‌ಗೂ ಅದು ಕೈಗೆ ಪಳಗಿದ ಎಂಜಿನ್.

ಎರಡನೆಯ ಕಾರಣ ಕಾನೂನು. 2010ರ ಏಪ್ರಿಲ್‌ನಲ್ಲಿ ಬೆಂಗಳೂರು ಸೇರಿದಂತೆ ದೊಡ್ಡ ನಗರಗಳಲ್ಲಿ ಬಿಎಸ್ 4 ಹೊಗೆ ನಿಯಮ ಬಂತು. 800 ಅದಕ್ಕೆ ಹೊಂದಲಿಲ್ಲ. ಆ ನಗರಗಳಲ್ಲಿ ಮಾರಾಟ ನಿಂತು, ಸಣ್ಣ ಊರುಗಳಲ್ಲಿ ಮುಂದುವರಿಯಿತು. ಅಂದರೆ ಕೊನೆಯ ನಾಲ್ಕು ವರ್ಷದ 800 ಹುಟ್ಟಿನಿಂದಲೇ ಹಳ್ಳಿ, ಪಟ್ಟಣದ ಕಾರು. 15 ವರ್ಷಕ್ಕೆ ನೋಂದಣಿ ನವೀಕರಣ ಬೇಕು. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಆಯಿತು. 2013ರಲ್ಲಿ ಕೊಂಡ ಕಾರು ಈ ಬಾಗಿಲಿಗೆ ಬರುವುದು 2028ಕ್ಕೆ. ಹಳೆಯವು ಅದನ್ನು ದಾಟುವಾಗಲೇ ಎಷ್ಟೋ ಉದುರಿಹೋದವು.

ಮುಂಬೈಯ ಪದ್ಮಿನಿ ಟ್ಯಾಕ್ಸಿಯ ಕಥೆಯೂ ಇದೇ. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾಗಿದ್ದು 2003ರ ಅಕ್ಟೋಬರ್ 29ರಂದು. ಸರಿಯಾಗಿ 20 ವರ್ಷ ಓಡಿ, 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟಿತು.

ಮೂರನೆಯದು ಮನುಷ್ಯರ ಆಸೆ. 1976ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಂಪನಿ ತನ್ನ ತೆರೆದ ಛಾವಣಿಯ ಎಲ್ಡೊರಾಡೊ ಕಾರಿಗೆ ಇದೇ ಕೊನೆ ಎಂದಿತು. ಹಿಂದಿನ ವರ್ಷ ಒಂಬತ್ತು ಸಾವಿರದಷ್ಟಿದ್ದ ತಯಾರಿಕೆ 14,000ಕ್ಕೆ ಏರಿತು. ಮುಂದೆ ಬೆಲೆ ಬರುತ್ತದೆಂದು ಅನೇಕರು ಓಡಿಸದೆ ಮನೆಯಲ್ಲಿಟ್ಟರು. ಆ ವರ್ಷದ ಕಾರು ಇವತ್ತಿಗೂ ಸುಲಭವಾಗಿ ಸಿಗುತ್ತದೆ.

ಹಾಗಂತ ಇದು ಎಲ್ಲ ಕಾರಿಗೂ ಅನ್ವಯಿಸುವ ನಿಯಮವಲ್ಲ. ಅಂಬಾಸಿಡರ್ 1980ರ ದಶಕದ ಮಧ್ಯದಲ್ಲಿ ವರ್ಷಕ್ಕೆ ಸುಮಾರು 24,000 ಮಾರಾಟವಾಗುತ್ತಿತ್ತು. 2014ರ ಮೇ ತಿಂಗಳಲ್ಲಿ ಕಾರ್ಖಾನೆ ನಿಲ್ಲುವ ಹಿಂದಿನ ವರ್ಷ ಮಾರಾಟವಾಗಿದ್ದು ಸುಮಾರು 2,200. ಹುಟ್ಟಿದ್ದೇ ಕಡಿಮೆಯಾದರೆ ಉಳಿಯುವುದೆಲ್ಲಿಂದ?

ಇದರಲ್ಲಿ ನಮಗೇನು? ಸರ್ಕಾರದ ಲೆಕ್ಕದಲ್ಲಿ ಕಾರು ವಿಂಟೇಜ್ ಆಗುವುದು 50 ವರ್ಷಕ್ಕೆ. 1986ರ ಮಾರುತಿಗೆ ಆ ಗೌರವ ಸಿಗುವುದು 2036ರಲ್ಲಿ. 15ರಿಂದ 50ರವರೆಗಿನ 35 ವರ್ಷ ಅದನ್ನು ಸಾಕಬೇಕಾದ್ದು ಮಾಲೀಕರ ಜೇಬು. ಮಗ್ಗ, ದ್ರಾಕ್ಷಿ ತೋಟ, ಹೂವಿನ ವ್ಯಾಪಾರ ನಂಬಿದ ಮನೆಗೆ ಅದು ಹಗುರದ ಮಾತಲ್ಲ. ಹಾಗಾಗಿ ನಾಳೆ ಯಾರಾದರೂ ನಮ್ಮ ಜಿಲ್ಲೆಯ ಕಾರಿನ ಚರಿತ್ರೆಯನ್ನು ಉಳಿದ ಗಾಡಿ ನೋಡಿ ಬರೆದರೆ, ಕೊನೆಯ ಅಧ್ಯಾಯವನ್ನೇ ಇಡೀ ಪುಸ್ತಕ ಅಂದುಕೊಳ್ಳುತ್ತಾರೆ. ಊರಿಗೆ ಮೊದಲ ಕಾರು ಬಂದ ದಿನ, ಅದರಲ್ಲಿ ಹೆರಿಗೆಗೆ ಹೋದವರು, ಮದುವೆಗೆ ಎರವಲು ಕೇಳಿದವರು ಆ ಲೆಕ್ಕಕ್ಕೆ ಸಿಗುವುದಿಲ್ಲ.

ಕಾರು ಉಳಿಸಲು ಆಗದಿದ್ದರೆ ಬೇಡ. ಗುಜರಿಗೆ ಕೊಡುವ ಮುಂಚೆ ಒಂದು ಫೋಟೊ ತೆಗೆಯಿರಿ, ಆರ್‌ಸಿ ಪುಸ್ತಕದ ನಕಲು ಇಟ್ಟುಕೊಳ್ಳಿ, ಅದನ್ನು ಕೊಂಡ ವರ್ಷವನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಿ.