ತೂಗಿ ಉಂಡವನ ಆಯುಸ್ಸು

ಕಡಮೆ ಉಂಡವನು ಹೆಚ್ಚು ಕಾಲ ಬದುಕುವನೆಂಬ ನಂಬಿಕೆ ಹಲವು ನಾಡುಗಳಲ್ಲಿ ಬೇರೂರಿದೆ. ಒಂದು ಹೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ ಎಂಬ ಗಾದೆಯನ್ನು ನಮ್ಮ ಹಿರಿಯರು ಎಲೆಯ ಮುಂದೆ ಕುಳಿತೇ ಹೇಳುವುದುಂಟು. ಹೇಳಿ ಮುಗಿಸಿ ಅತಿಥಿಗೆ ಇನ್ನೊಂದು ಹೋಳಿಗೆಯನ್ನು ಬಲವಂತವಾಗಿ ಬಡಿಸುವುದೂ ಉಂಟು. ಆದರೆ ಗಾದೆಯನ್ನು ಹೇಳುವುದು ಬೇರೆ. ಉಣ್ಣುವ ಅನ್ನಕ್ಕೆ ತೂಕವನ್ನು ಗೊತ್ತುಮಾಡಿಕೊಂಡು ದಶಕಗಳ ಕಾಲ ಅದನ್ನು ಮೀರದಿರುವುದು ಬೇರೆ. ಹಾಗೆ ಉಂಡು, ಆ ಅನುಭವವನ್ನು ಬರೆದು ಅಚ್ಚುಹಾಕಿಸಿ, ನಾಲ್ಕು ಶತಮಾನಗಳಿಗಿಂತ ಹೆಚ್ಚು ಕಾಲ ಓದುಗರನ್ನು ಪಡೆದ ಗೃಹಸ್ಥನೊಬ್ಬನು ಇಟಲಿ ದೇಶದಲ್ಲಿ ಇದ್ದನು. ಅವನ ಹೆಸರು ಆಲ್ವಿಸೆ ಕೊರ್ನಾರೊ. ಲುಯಿಜಿ ಕೊರ್ನಾರೊ ಎಂದೂ ಕರೆಯುವರು. ಅವನ ಪುಸ್ತಕವನ್ನು ಹೊಗಳಿದವರು ಬಹು ಮಂದಿ. ಅವನು ಹೇಳಿದ ಲೆಕ್ಕ ಎಷ್ಟರಮಟ್ಟಿಗೆ ನಿಜವೆಂಬುದನ್ನು ಶೋಧಿಸಿದವರು ಕೆಲವರೇ.

ಕೊರ್ನಾರೊ ವೆನಿಸ್ಸಿನ ಪ್ರಖ್ಯಾತ ಮನೆತನವೊಂದರ ಹೆಸರನ್ನು ಹೊತ್ತವನು. ಆದರೆ ಅವನ ಶಾಖೆಯವರಿಗೆ ಕುಲೀನವರ್ಗದ ಹಕ್ಕು ತಪ್ಪಿಹೋಗಿದ್ದಿತು. ಅದನ್ನು ಮರಳಿ ಪಡೆಯಲು ಅವನು ಮಾಡಿದ ಪ್ರಯತ್ನವೂ ಫಲಿಸಲಿಲ್ಲ. ಪಡುವಾ ನಗರದಲ್ಲಿ ಪಾದ್ರಿಯಾಗಿದ್ದ ಸೋದರಮಾವನ ಆಸ್ತಿ ಅವನಿಗೆ ಬಂದಿತು. ಅಲ್ಲಿಯೇ ನೆಲೆಸಿ, ನಗರದ ದಕ್ಷಿಣಕ್ಕಿದ್ದ ಜೌಗು ನೆಲಗಳ ನೀರನ್ನು ಬಸಿದು ಅವನ್ನು ಉಳುವ ಹೊಲಗಳನ್ನಾಗಿ ಮಾಡಿಸಿ ಬಹಳ ಸಿರಿವಂತನಾದನು. ವೆನಿಸ್ ತನಗೆ ಬೇಕಾದ ಧಾನ್ಯವನ್ನು ತಾನೇ ಬೆಳೆದುಕೊಳ್ಳಬೇಕೆಂಬುದು ಅವನ ವಾದ. ಹೀಗೆ ನೆಲವನ್ನು ಹೆಚ್ಚಿಸುತ್ತ ಹೋದರೆ ನಗರವನ್ನು ಕಾಯುವ ಹಿನ್ನೀರು ಹಾಳಾಗುವುದೆಂದು ಗಣರಾಜ್ಯದ ಜಲಶಿಲ್ಪಿಯಾದ ಕ್ರಿಸ್ತೊಫೊರೊ ಸಬ್ಬದೀನೊ ಅವನನ್ನು ಕಡುವಾಗಿ ವಿರೋಧಿಸಿದನು. ಶಿಲ್ಪಿ ಫಾಲ್ಕೊನೆತ್ತೊ ಅವನಿಗಾಗಿ 1524ರಲ್ಲಿ ಕಟ್ಟಿದ ಕಂಬಸಾಲಿನ ಮಂಟಪವು ಪಡುವಾದಲ್ಲಿ ಈಗಲೂ ನಿಂತಿದೆ. ಆ ಮನೆಯಂಗಳದಲ್ಲಿ ನಾಟಕಗಳಾಗುತ್ತಿದ್ದುವು, ಸಂಗೀತ ನಡೆಯುತ್ತಿದ್ದಿತು. ಆದುದರಿಂದ ಮಿತಾಹಾರದ ಈ ಪ್ರವರ್ತಕನನ್ನು ಗುಹೆಯಲ್ಲಿ ಕುಳಿತ ತಪಸ್ವಿಯೆಂದು ವಾಚಕರು ಭಾವಿಸಬಾರದು. ಅವನು ಲೋಕದ ಸುಖವನ್ನು ಇನ್ನೂ ಕೆಲವು ಕಾಲ ಅನುಭವಿಸುವುದಕ್ಕಾಗಿ ಊಟವನ್ನು ಕಡಮೆ ಮಾಡಿದವನು.

ಅವನ ಕಥೆಯನ್ನು ಅವನ ಬರಹದಿಂದಲೇ ಸಂಗ್ರಹಿಸಿ ಹೇಳುವೆವು. ಯೌವನದಲ್ಲಿ ಅವನು ತಿಂಡಿ ತೀರ್ಥಗಳಲ್ಲಿ ಮಿತಿಯನ್ನು ಅರಿಯದವನಾಗಿದ್ದನು. ಮೂವತ್ತೈದನೆಯ ವಯಸ್ಸಿನ ಹೊತ್ತಿಗೆ ಹೊಟ್ಟೆನೋವು, ಕೀಲುನೋವು, ಬಿಡದ ಸಣ್ಣ ಜ್ವರ, ತೀರದ ದಾಹ ಇವೆಲ್ಲ ಕೂಡಿ ಅವನನ್ನು ಹಿಂಡಿದುವು. ಔಷಧಗಳು ನಾಟಲಿಲ್ಲ. ನಲವತ್ತನ್ನು ಸಮೀಪಿಸುವ ಮುನ್ನ ವೈದ್ಯರು, ಊಟವನ್ನು ಹದಕ್ಕೆ ತಂದುಕೊಂಡರೆ ಉಳಿಯುವೆ, ಇಲ್ಲವಾದರೆ ಕೆಲವೇ ತಿಂಗಳಲ್ಲಿ ಸಾಯುವೆ ಎಂದು ಹೇಳಿದರು. ಅವನು ಹೆದರಿ ಒಪ್ಪಿಕೊಂಡನು. ಕೆಲವು ದಿನಗಳಲ್ಲಿಯೇ ಗುಣ ಕಾಣಿಸಿತು. ವರ್ಷದೊಳಗೆ ರೋಗಗಳೆಲ್ಲ ಬಿಟ್ಟುಹೋದುವು. ಅಲ್ಲಿಂದ ಮುಂದೆ ತನಗೆ ಯಾವುದು ಒಗ್ಗುವುದು, ಯಾವುದು ಒಗ್ಗದು ಎಂಬುದನ್ನು ಒಂದೊಂದಾಗಿ ಪರೀಕ್ಷಿಸಿ, ನಾಲಗೆಗೆ ಹಿತವಾದುದು ಹೊಟ್ಟೆಗೂ ಹಿತವೆಂಬ ಮಾತು ಸುಳ್ಳೆಂದು ತೀರ್ಮಾನಿಸಿದನು.

ಕೊನೆಗೆ ನಿಂತ ಪ್ರಮಾಣವು ದಿನಕ್ಕೆ ಹನ್ನೆರಡು ಔನ್ಸು ಘನಾಹಾರ, ಹದಿನಾಲ್ಕು ಔನ್ಸು ದ್ರಾಕ್ಷಾರಸ. ರೊಟ್ಟಿ, ಮೊಟ್ಟೆಯ ಹಳದಿ, ಸ್ವಲ್ಪ ಮಾಂಸ, ಸಾರು ಎಲ್ಲವೂ ಆ ಹನ್ನೆರಡರಲ್ಲಿಯೇ ಅಡಕ. ಅಂದಿನ ಔನ್ಸಿನ ತೂಕ ಊರೂರಿಗೆ ಬೇರೆಯಾಗಿದ್ದುದರಿಂದ ಸುಮಾರು 300ರಿಂದ 340 ಗ್ರಾಂ ಎಂದು ಇಟ್ಟುಕೊಳ್ಳಬಹುದು. ನಮ್ಮ ಹಿಂದಿನ ಇಪ್ಪತ್ತುನಾಲ್ಕು ತೊಲೆಯ ಕಚ್ಚಾ ಸೇರಿಗಿಂತ ಕೊಂಚವೇ ಹೆಚ್ಚು. ದ್ರಾಕ್ಷಾರಸವನ್ನು ಇಷ್ಟು ಧಾರಾಳವಾಗಿ ಇಟ್ಟುಕೊಂಡುದನ್ನು ಕಂಡು ನಮ್ಮವರು ನಗಬಹುದು; ಆದರೆ ಅವನ ದೇಶದಲ್ಲಿ ಅದು ವ್ಯಸನವಲ್ಲ, ಊಟದ ಒಂದು ಅಂಗ. ಅವನ ಶರೀರಕ್ಕೆ ಬೇಕಾದ ಶಕ್ತಿಯಲ್ಲಿ ಒಂದು ಪಾಲು ಆ ಬಟ್ಟಲಿನಿಂದಲೇ ಬರುತ್ತಿದ್ದಿತೆಂಬುದನ್ನು ಅವನ ಅನುಯಾಯಿಗಳು ಮರೆತಂತೆ ತೋರುತ್ತದೆ.

ಪುಸ್ತಕದಲ್ಲಿ ಎಲ್ಲರ ನೆನಪಿನಲ್ಲಿ ಉಳಿಯುವ ಪ್ರಸಂಗವೊಂದಿದೆ. ಮುದುಕನಾದ ಮೇಲೆ ಇಷ್ಟು ಕಡಮೆ ಸಾಲದೆಂದು ಬಂಧುಮಿತ್ರರೂ ವೈದ್ಯರೂ ಬಹಳವಾಗಿ ಒತ್ತಾಯಪಡಿಸಿದರು. ಅವನು ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಆಹಾರವನ್ನು ಹದಿನಾಲ್ಕು ಔನ್ಸಿಗೂ ದ್ರಾಕ್ಷಾರಸವನ್ನು ಹದಿನಾರಕ್ಕೂ ಏರಿಸಿದನು. ಕೆಲವು ದಿನಗಳಲ್ಲಿಯೇ ನಗೆಮುಖದ ಮನುಷ್ಯನು ಸಿಡುಕನಾದನು. ಯಾರೊಡನೆಯೂ ಮಾತು ಬೇಡವಾಯಿತು. ಹನ್ನೆರಡನೆಯ ದಿನ ಪಕ್ಕೆಯಲ್ಲಿ ನೋವೆದ್ದಿತು. ಅದರ ಬೆನ್ನಿಗೇ ಜ್ವರ ಹಿಡಿದು ಮೂವತ್ತೈದು ದಿನ ಬಿಡಲಿಲ್ಲ. ಹಳೆಯ ಪ್ರಮಾಣಕ್ಕೆ ಹಿಂದಿರುಗಿದ ಮೇಲೆಯೇ ಎದ್ದನೆಂದು ಬರೆದಿರುವನು. ಇನ್ನೊಮ್ಮೆ ಗಾಡಿ ಮಗುಚಿ ತಲೆಗೆ ಪೆಟ್ಟು ಬಿದ್ದು ಕೈಕಾಲು ತಪ್ಪಿದಾಗ, ರಕ್ತ ತೆಗೆಯಬೇಕು, ಭೇದಿಗೆ ಕೊಡಬೇಕು ಎಂದ ವೈದ್ಯರನ್ನು ತಡೆದು, ಕೀಲನ್ನು ಕೂಡಿಸಿ ಎಣ್ಣೆ ತಿಕ್ಕಿಸಿಕೊಂಡಷ್ಟರಿಂದಲೇ ವಾಸಿಯಾದನಂತೆ. ಆ ಕಾಲದ ವೈದ್ಯವನ್ನು ನೆನೆದರೆ, ವೈದ್ಯರನ್ನು ದೂರವಿಟ್ಟುದೂ ಅವನ ದೀರ್ಘಾಯುಸ್ಸಿಗೆ ಒಂದು ಕಾರಣವಾಗಿರಬಹುದು.

1558ರಲ್ಲಿ ಪಡುವಾದಲ್ಲಿ ಮಿತಜೀವನವನ್ನು ಕುರಿತ ಅವನ ಮೊದಲನೆಯ ಪ್ರಬಂಧ ಅಚ್ಚಾಯಿತು. ಆಗ ತನಗೆ ಎಂಬತ್ತು ದಾಟಿದೆಯೆಂದು ಅವನು ಹೇಳಿಕೊಂಡನು. ಆ ಮೇಲೆ ಬರೆದ ಮೂರರಲ್ಲಿ ವಯಸ್ಸು ಏರುತ್ತ ಹೋಗಿ ಕೊನೆಯದರಲ್ಲಿ ತೊಂಬತ್ತೈದಾಯಿತು. 1566ರಲ್ಲಿ ಅವನು ತೀರಿಕೊಂಡನು. ಅನಂತರ ಅವನ ಆಯುಸ್ಸು ಅಚ್ಚಿನಿಂದ ಅಚ್ಚಿಗೆ ಬೆಳೆದು ನೂರನ್ನೂ ದಾಟಿತು. ಆದರೆ ಪಡುವಾದ ಹಳೆಯ ದಸ್ತಾವೇಜುಗಳನ್ನು ಪರಿಶೀಲಿಸಿದ ಇತಿಹಾಸಕಾರರು ಅವನ ಜನನವನ್ನು 1484ರ ಸುಮಾರಿಗೆ ನಿಲ್ಲಿಸುತ್ತಾರೆ. ಆ ಲೆಕ್ಕದಂತೆ ಪುಸ್ತಕ ಹೊರಟಾಗ ಅವನಿಗೆ ಎಪ್ಪತ್ತನಾಲ್ಕು, ಸತ್ತಾಗ ಎಂಬತ್ತೆರಡು. ಆಹಾರವನ್ನು ಏರಿಸಿ ಕಾಯಿಲೆಬಿದ್ದುದು ಎಪ್ಪತ್ತೆಂಟರಲ್ಲಿ ಎಂದು ಬರೆದಿರುವುದೂ ಎಪ್ಪತ್ತರ ಆಸುಪಾಸಿಗೆ ಇಳಿಯಬೇಕಾಗುವುದು.

ಊಟದಲ್ಲಿ ಅರ್ಧ ಔನ್ಸನ್ನೂ ಲೆಕ್ಕವಿಟ್ಟವನು ವಯಸ್ಸಿನಲ್ಲಿ ಹತ್ತು ವರ್ಷಗಳನ್ನು ಸುಲಭವಾಗಿ ಕೂಡಿಸಿಕೊಂಡನೆಂಬುದು ವಿಚಿತ್ರವಾಗಿದೆ. ಇದು ಅವನೊಬ್ಬನ ದೋಷವಲ್ಲ. ವೆನಿಸ್ಸಿನ ಮಹಾ ಚಿತ್ರಕಾರ ತಿತ್ಸಿಯಾನೊ ಸಹ 1571ರಲ್ಲಿ ಸ್ಪೇನಿನ ದೊರೆಗೆ ಬರೆದ ಪತ್ರದಲ್ಲಿ ತನಗೆ ತೊಂಬತ್ತೈದೆಂದು ಹೇಳಿಕೊಂಡನು. ಆಗ ಅವನಿಗೆ ಎಂಬತ್ತು ದಾಟಿ ಕೆಲವೇ ವರ್ಷವಾಗಿದ್ದಿರಬೇಕೆಂದು ಈಗಿನ ವಿದ್ವಾಂಸರ ಮತ. ಮುಪ್ಪಿಗೆ ಗೌರವವಿದ್ದ ಕಾಲದಲ್ಲಿ ಮುಪ್ಪನ್ನು ಹೆಚ್ಚಿಸಿಕೊಳ್ಳುವ ಆಸೆ ಇದ್ದುದು ಸಹಜ. ಆದರೆ ಚಿತ್ರಕಾರನ ಚಿತ್ರವನ್ನು ಅವನ ವಯಸ್ಸಿನಿಂದ ಅಳೆಯುವವರಿಲ್ಲ. ಕೊರ್ನಾರೊವಿನ ಮಾತಿಗಾದರೋ ವಯಸ್ಸೇ ಸಾಕ್ಷಿ. ಅದನ್ನೇ ಅವನು ತಿದ್ದಿದನು. ಎಂಬತ್ತೆರಡು ವರ್ಷವೂ ಆ ಶತಮಾನದಲ್ಲಿ ಸಾಮಾನ್ಯವಾದ ಆಯುಸ್ಸಲ್ಲವಷ್ಟೆ; ಇದ್ದುದನ್ನು ಇದ್ದಂತೆ ಹೇಳಿದ್ದರೆ ಅವನ ವಾದ ಕುಗ್ಗುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ಇನ್ನೊಂದು ವಿಷಯವನ್ನು ಅವನನ್ನು ಹೊಗಳುವವರು ಸಾಮಾನ್ಯವಾಗಿ ಎತ್ತುವುದಿಲ್ಲ. ಅವನ ಮನೆಯ ಆಶ್ರಯದಲ್ಲಿ ಆಂಜೆಲೊ ಬೆಯೊಲ್ಕೊ ಎಂಬ ನಾಟಕಕಾರನಿದ್ದನು. ತಾನು ಆಡುತ್ತಿದ್ದ ಪಾತ್ರದ ಹೆಸರಿನಿಂದ ರುಜಾಂತೆ ಎಂದೇ ಪ್ರಸಿದ್ಧನು. ಕೊರ್ನಾರೊವಿನ ಜಮೀನು ವ್ಯವಹಾರಗಳಲ್ಲಿಯೂ ಅವನು ಕೈಗೂಡಿಸುತ್ತಿದ್ದನು; ಪಡುವಾದ ಹಳ್ಳಿಗರ ಆಡುಮಾತಿನಲ್ಲಿಯೇ ನಾಟಕ ಬರೆದವನು. 1527ರಿಂದ 1529ರವರೆಗೆ ಆ ಸೀಮೆಯಲ್ಲಿ ಘೋರವಾದ ಕ್ಷಾಮ ಉಂಟಾಯಿತು. ಹಳ್ಳಿಗರು ಊರು ಬಿಟ್ಟು ನಗರಗಳ ಬೀದಿಗಳಲ್ಲಿ ತುಂಬಿಕೊಂಡರು. ಬಡವರ ವಿಷಯದಲ್ಲಿ ವೆನಿಸ್ ಸರಕಾರವು 1529ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಆ ಕ್ಷಾಮದ ವರ್ಷ, ಫೊಸ್ಸೊನ್ ಎಂಬಲ್ಲಿ ಬೇಟೆಗೆ ಸೇರಿದ ದೊಡ್ಡ ಮನುಷ್ಯರ ಮುಂದೆ ರುಜಾಂತೆ ಒಂದು ಸಂವಾದವನ್ನು ಆಡಿ ತೋರಿಸಿದನು. ಅದರಲ್ಲಿ ಮೆನೆಗೊ ಎಂಬ ಹಸಿದ ರೈತನು ಹೊಸ ಬೆಳೆ ಕೈಗೆ ಬರಲು ಇನ್ನೆಷ್ಟು ತಿಂಗಳೆಂದು ಎಣಿಸುತ್ತಾನೆ. ಕೊನೆಗೆ ತನ್ನನ್ನು ತಾನೇ ತಿಂದುಕೊಂಡು ಸಾಯುವೆನು, ಹಾಗಾದರೆ ಕ್ಷಾಮವಿದ್ದರೂ ಹೊಟ್ಟೆ ತುಂಬಿಯೇ ಸತ್ತಂತಾಗುವುದು ಎಂದು ಯೋಚಿಸುತ್ತಾನೆ. ಅದು ನಗೆಯ ಪ್ರಸಂಗವೆಂದು ಬರೆದುದು.

ಕಾಲವನ್ನು ಹೋಲಿಸಿ ನೋಡಬೇಕು. ಕೊರ್ನಾರೊ ತನ್ನ ಮಿತಾಹಾರವನ್ನು ನಲವತ್ತರೊಳಗೆ ಆರಂಭಿಸಿದನೆಂಬುದು ನಿಜವಾದರೆ, 1484ರ ಲೆಕ್ಕದಂತೆ ಅದು 1524ಕ್ಕೆ ಮುಂಚೆಯೇ ಆಗಿರಬೇಕು. ಅಂದರೆ ಯಜಮಾನನು ಬೇಕೆಂದು ಹನ್ನೆರಡು ಔನ್ಸಿಗೆ ನಿಂತಿದ್ದ ವರ್ಷಗಳಲ್ಲಿಯೇ ಸುತ್ತಲಿನ ಹೊಲಗಳಲ್ಲಿ ದುಡಿದವರಿಗೆ ಅಷ್ಟೂ ಸಿಕ್ಕದೆ ಇದ್ದಿತು. ಅವರು ಕಡಮೆ ಉಂಡುದರಿಂದ ಅವರ ಆಯುಸ್ಸು ಬೆಳೆಯಲಿಲ್ಲ. ಕೊರ್ನಾರೊವನ್ನು ಇದಕ್ಕಾಗಿ ನಿಷ್ಠುರನೆಂದು ಕರೆಯುವುದು ನ್ಯಾಯವಲ್ಲ; ಜೌಗನ್ನು ಬಸಿದು ಧಾನ್ಯ ಬೆಳೆಯಬೇಕೆಂಬ ಅವನ ಹಟದಲ್ಲಿ ಕ್ಷಾಮದ ನೆನಪೂ ಇದ್ದಿರಬಹುದು. ಆದರೂ ಮಿತಾಹಾರದ ಪುಸ್ತಕದಲ್ಲಿ ಹಸಿವಿನ ಮಾತು ಬರುವುದಿಲ್ಲವೆಂಬುದನ್ನು ಗಮನಿಸದೆ ಇರಲಾಗದು. ರುಜಾಂತೆ 1542ರಲ್ಲಿ, ಐವತ್ತು ತುಂಬುವ ಮೊದಲೇ ಸತ್ತನು.

ಪುಸ್ತಕವು ಮಾತ್ರ ದೇಶದಿಂದ ದೇಶಕ್ಕೆ ಹೋಯಿತು. ಲೂವೆನ್ನಿನಲ್ಲಿ ಬೋಧಿಸುತ್ತಿದ್ದ ಜೆಸ್ಯೂಟ್ ಪಂಡಿತ ಲೆಸ್ಸಿಯಸ್ ಅದನ್ನು ಲ್ಯಾಟಿನ್ನಿಗೆ ತಿರುಗಿಸಿ 1613ರಲ್ಲಿ ತನ್ನ ಆರೋಗ್ಯಗ್ರಂಥದೊಡನೆ ಪ್ರಕಟಿಸಿದನು. ಗೃಹಸ್ಥನ ಸುಖಶಾಸ್ತ್ರವು ಅಲ್ಲಿ ಧಾರ್ಮಿಕ ವ್ರತದ ಕಳೆಯನ್ನು ಪಡೆಯಿತು. ಆಂಗ್ಲ ಕವಿ ಜಾರ್ಜ್ ಹರ್ಬರ್ಟ್ ಮಾಡಿದ ಭಾಷಾಂತರ 1634ರಲ್ಲಿ ಹೊರಬಂದಿತು. ಅದನ್ನು ನೋಡಲು ಕವಿಯೇ ಉಳಿದಿರಲಿಲ್ಲ, ಹಿಂದಿನ ವರ್ಷ ನಲವತ್ತು ತುಂಬುವ ಮೊದಲೇ ತೀರಿಹೋಗಿದ್ದನು. 1711ರಲ್ಲಿ ಆಡಿಸನ್ ತನ್ನ ಪತ್ರಿಕೆಯಲ್ಲಿ ಕೊರ್ನಾರೊವನ್ನು ಕೊಂಡಾಡಿದನು. ಅವನೂ ನಲವತ್ತೇಳನ್ನು ಮೀರಲಿಲ್ಲ.

ಮೊಟ್ಟಮೊದಲು ಬುಡಕ್ಕೆ ಪೆಟ್ಟು ಕೊಟ್ಟವರಲ್ಲಿ ಜರ್ಮನಿಯ ತತ್ತ್ವಜ್ಞ ನೀಚೆ ಮುಖ್ಯನು. 1889ರಲ್ಲಿ ಪ್ರಕಟವಾದ ಕೃತಿಯಲ್ಲಿ ಅವನು, ಕೊರ್ನಾರೊ ಕಾರ್ಯವನ್ನೇ ಕಾರಣವೆಂದು ಬಗೆದನೆಂದು ವಾದಿಸಿದನು. ಆ ಮನುಷ್ಯನ ದೇಹದ ದಹನಕ್ರಿಯೆಯೇ ನಿಧಾನವಾದುದು. ಆದುದರಿಂದಲೇ ಅವನಿಗೆ ಸ್ವಲ್ಪ ಸಾಕಾಯಿತು. ಹೆಚ್ಚು ಉಂಡರೆ ಕಾಯಿಲೆ ಬೀಳುತ್ತಿದ್ದನು. ಕಡಮೆ ಉಣ್ಣುವುದು ಅವನ ಆಯ್ಕೆಯೇ ಆಗಿರಲಿಲ್ಲ ಎಂಬುದು ಅವನ ಅಭಿಪ್ರಾಯ. ಹದಿನಾಲ್ಕು ಔನ್ಸಿನ ಪ್ರಸಂಗವು ಈ ವಾದಕ್ಕೂ ಅಷ್ಟೇ ಚೆನ್ನಾಗಿ ಒದಗುವುದು. ಒಬ್ಬ ಮನುಷ್ಯನ ಚರಿತ್ರೆಯಿಂದ ಈ ಜಗಳವನ್ನು ತೀರಿಸಲು ಸಾಧ್ಯವಿಲ್ಲ. ಅದಕ್ಕೆ ಪ್ರಯೋಗಶಾಲೆಯೇ ಬೇಕಾಯಿತು.

1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಮೆಕ್ಕೇ ಮತ್ತು ಅವನ ಸಂಗಡಿಗರು, ಪೋಷಕಾಂಶಗಳನ್ನು ಕೊರತೆಮಾಡದೆ ಆಹಾರದ ಶಕ್ತಿಯನ್ನು ಮಾತ್ರ ಇಳಿಸಿದ ಇಲಿಗಳಲ್ಲಿ, ವಿಶೇಷವಾಗಿ ಗಂಡುಗಳಲ್ಲಿ, ಆಯುಸ್ಸು ಬಹಳ ಬೆಳೆದುದನ್ನು ಪ್ರಕಟಿಸಿದರು. ಪೋಷಣೆ ಕೆಡದಂತೆ ಕಡಮೆ ಉಣ್ಣುವುದಕ್ಕೂ ಬರಿಯ ಹಸಿವಿಗೂ ಇರುವ ಭೇದವನ್ನು ಹತ್ತು ವರ್ಷದೊಳಗೆ ಇನ್ನೊಂದು ಪ್ರಯೋಗ ಸ್ಪಷ್ಟಪಡಿಸಿತು. 1944–45ರಲ್ಲಿ ಮಿನಸೋಟದಲ್ಲಿ ಆನ್ಸೆಲ್ ಕೀಸ್ ಎಂಬವನು, ಯುದ್ಧದಲ್ಲಿ ಸೇರಲು ಒಪ್ಪದ ಮೂವತ್ತಾರು ಮಂದಿ ಸ್ವಯಂಸೇವಕರನ್ನು ಇಪ್ಪತ್ತನಾಲ್ಕು ವಾರ ಅರೆಹೊಟ್ಟೆಯಲ್ಲಿರಿಸಿದನು. ಅವರ ತೂಕದಲ್ಲಿ ಸುಮಾರು ಕಾಲು ಭಾಗ ಕರಗಿತು. ಹಗಲಿರುಳೂ ಊಟದ ಯೋಚನೆಯೇ ಅವರನ್ನು ಕಾಡಿತು. ಸಿಡುಕೂ ಖಿನ್ನತೆಯೂ ಹತ್ತಿದುವು. ಹೆಚ್ಚು ಉಂಡಾಗ ಸಿಡುಕನಾದೆನೆಂದು ಕೊರ್ನಾರೊ ಹೇಳಿದುದಕ್ಕೆ ಇದು ನೇರ ವಿರುದ್ಧ.

ಮನುಷ್ಯನಿಗೆ ಹತ್ತಿರದ ಪ್ರಾಣಿಯಲ್ಲಿ ನೋಡಬೇಕೆಂದು ಅಮೆರಿಕದಲ್ಲಿಯೇ ಎರಡು ಕಡೆ ರೀಸಸ್ ಕೋತಿಗಳನ್ನು ಸಾಕಿದರು. ಸರಕಾರದ ವೃದ್ಧಾಪ್ಯ ಸಂಶೋಧನ ಸಂಸ್ಥೆಯಲ್ಲಿ 1987ರಿಂದ, ವಿಸ್ಕಾನ್‌ಸಿನ್ ವಿಶ್ವವಿದ್ಯಾನಿಲಯದಲ್ಲಿ 1989ರಿಂದ. ವಿಸ್ಕಾನ್‌ಸಿನ್ನಿನವರು 2009ರಲ್ಲಿ, ಕಡಮೆ ಉಂಡ ಕೋತಿಗಳು ಮುಪ್ಪಿನ ರೋಗಗಳಿಂದ ಸಾಯುವುದು ಕಡಮೆಯೆಂದರು. ಇನ್ನೊಂದು ಕಡೆಯವರು 2012ರಲ್ಲಿ, ಆಯುಸ್ಸಿನಲ್ಲಿ ಲಾಭ ಕಾಣಲಿಲ್ಲವೆಂದರು. ಎರಡು ಪಂಗಡದವರೂ ಕೂಡಿ 2017ರಲ್ಲಿ ಲೆಕ್ಕಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಆಹಾರದ ಸ್ವರೂಪ, ಪ್ರಯೋಗಕ್ಕೆ ಸೇರಿಸಿದ ವಯಸ್ಸು ಇವುಗಳಲ್ಲಿ ಭೇದವಿದ್ದುದು ತಿಳಿಯಿತು. ಅದರಲ್ಲಿಯೂ ಹೋಲಿಕೆಗೆಂದು ಇಟ್ಟ ಕೋತಿಗಳ ಊಟವೇ ಬೇರೆಬೇರೆಯಾಗಿದ್ದಿತು. ವಿಸ್ಕಾನ್‌ಸಿನ್ನಿನಲ್ಲಿ ಅವು ಸಕ್ಕರೆ ಹೆಚ್ಚಾದ ಆಹಾರವನ್ನು ಬೇಕಾದಷ್ಟು ತಿನ್ನುತ್ತಿದ್ದುವು. ಇನ್ನೊಂದು ಕಡೆ ಅವಕ್ಕೂ ಅಳತೆಯಿದ್ದಿತು. ಹಾಗಾದರೆ ಕಡಮೆ ಉಂಡುದರ ಫಲವೆಷ್ಟು, ಅತಿಯಾಗಿ ಉಣ್ಣದಿದ್ದುದರ ಫಲವೆಷ್ಟು? ಯೌವನದಲ್ಲಿ ಮಿತಿಮೀರಿ ಉಂಡು ಕಾಯಿಲೆಬಿದ್ದ ಪಡುವಾದ ಶ್ರೀಮಂತನ ವಿಷಯದಲ್ಲಿಯೂ ಇದೇ ಪ್ರಶ್ನೆಯನ್ನು ಕೇಳಬೇಕಾಗುವುದು.

ಮನುಷ್ಯರ ಮೇಲೆಯೇ ನಡೆಸಿದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಸ್ಥೂಲರಲ್ಲದ ಇನ್ನೂರಕ್ಕೂ ಮಿಕ್ಕ ಆರೋಗ್ಯವಂತರು ಅದರಲ್ಲಿದ್ದರು. ಅವರಲ್ಲಿ ಮಿತಾಹಾರದ ಪಂಗಡಕ್ಕೆ ಸೇರಿದವರು ಎರಡು ವರ್ಷ ಕಾಲು ಭಾಗ ಊಟವನ್ನು ಬಿಡಬೇಕೆಂಬುದು ಸಂಕಲ್ಪ. ತಜ್ಞರ ಸಹಾಯವಿದ್ದರೂ ಅವರು ಸರಾಸರಿ ಬಿಟ್ಟುದು ನೂರಕ್ಕೆ ಸುಮಾರು ಹನ್ನೆರಡು ಮಾತ್ರ. ರಕ್ತದ ಒತ್ತಡ, ಕೊಬ್ಬು ಮುಂತಾದವುಗಳಲ್ಲಿ ಗುಣ ಕಂಡಿತು; ಎಲುಬಿನ ಸಾಂದ್ರತೆ ಕೊಂಚ ಇಳಿಯಿತು. ಆಯುಸ್ಸಿನ ಮಾತನ್ನು ಎರಡು ವರ್ಷದ ಪರೀಕ್ಷೆ ಹೇಳಲಾರದು; ಅದಕ್ಕೆ ಆ ಜನರು ಮುದುಕರಾಗುವವರೆಗೆ ಕಾದಿರಬೇಕು.